ಸಂಮೋಹನವೆಂಬ ಹೆಸರಿನ ದೋಷ

ಹೊಂಗಡಹಳ್ಳದ ಕಡೆಯ ಗೃಹಸ್ಥರೊಬ್ಬರ ಮನೆಯಲ್ಲಿ ಕಳೆದ ಮಳೆಗಾಲದಲ್ಲಿ ನಡೆದ ಪ್ರಸಂಗವೇ ಈ ಲೇಖನಕ್ಕೆ ನಿಮಿತ್ತವು. ತುಂಬಿ ಹರಿಯುವ ಹಳ್ಳದ ಕಾಲುಸಂಕದ ಮೇಲೆ ಆ ಮನೆಯ ಬಾಲಕನು ಕಾಲು ಜಾರಿ ಬಿದ್ದನು. ದೇಹಕ್ಕೆ ಅಪಾಯವಾಗಲಿಲ್ಲ, ಆದರೆ ಅಂದಿನಿಂದ ಸಂಕವನ್ನು ಕಂಡೊಡನೆ ನಡುಗಿ ಬೆವರುವನು. ಶಾಲೆಯಾದರೋ ಹಳ್ಳದಾಚೆಗೆ ಇರುವುದು. ವೈದ್ಯರು ಮಾನಸಿಕ ಚಿಕಿತ್ಸೆಯನ್ನು ಸೂಚಿಸುತ್ತ, ಮಾತಿನ ನಡುವೆ ಸಂಮೋಹನದ ಹೆಸರನ್ನೂ ಎತ್ತಿದರು. "ಮಗುವನ್ನು ವಶೀಕರಣಕ್ಕೆ ಒಪ್ಪಿಸುವುದುಂಟೇ?" ಎಂದು ಮನೆಯ ಹಿರಿಯರು ನನ್ನನ್ನು ಕೇಳಿದರು.

ಅವರ ಭೀತಿಗೆ ಹೆಸರೇ ಕಾರಣವು. ಸಂಮೋಹನವೆಂದೊಡನೆ ನಮಗೆ ವಿರಾಟಪರ್ವವು ನೆನಪಾಗುವುದು. ಅರ್ಜುನನ ಅಸ್ತ್ರದಿಂದ ಕುರುಸೇನೆಯು ಮೈಮರೆತಿತು. ಉತ್ತರನು ಮಹಾರಥರ ವಸ್ತ್ರಗಳನ್ನು ಉತ್ತರೆಯ ಗೊಂಬೆಗಳಿಗಾಗಿ ಕಳಚಿಕೊಂಡು ಬಂದನು. ಅಂತಹ ಪರಾಭವವನ್ನು ಯಾವ ರೋಗಿಯು ತಾನೇ ಬಯಸುವನು? ಆದರೆ ಈ ಚಿಕಿತ್ಸೆಯ ಚರಿತ್ರೆಯು ಹೆಸರಿಗೆ ತೀರ ವಿರುದ್ಧವಾದುದು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮೆಸ್ಮರ್ ಎಂಬ ವೈದ್ಯನು, ತನ್ನಿಂದ ಕಾಂತಶಕ್ತಿಯೊಂದು ಹರಿದು ರೋಗಿಗಳನ್ನು ಗುಣಪಡಿಸುವುದೆಂದು ಸಾರುತ್ತಿದ್ದನು. 1784ರಲ್ಲಿ ಫ್ರಾನ್ಸಿನ ರಾಜನು ನೇಮಿಸಿದ ಪರೀಕ್ಷಕಮಂಡಲಿಯು, ಅಂತಹ ದ್ರವವೇ ಇಲ್ಲವೆಂದೂ ಫಲವು ಕಲ್ಪನೆಯದೆಂದೂ ನಿರ್ಣಯಿಸಿತು. ಆ ಕಲ್ಪನೆಯನ್ನೇ ಗೌರವದಿಂದ ವಿಚಾರಿಸಿದವನು ನಮ್ಮ ಸಹ್ಯಾದ್ರಿಯ ಬಡಗಣ ತಪ್ಪಲಿನವನು: 1756ರಲ್ಲಿ ಗೋವೆಯ ಕಾಂದೋಳಿಯಲ್ಲಿ ಹುಟ್ಟಿದ ಪಾದ್ರಿ ಫಾರಿಯಾ. ಲಿಸ್ಬನ್ನಿನಲ್ಲಿ ರಾಣಿಯ ಮುಂದೆ ಉಪದೇಶಿಸಲು ನಿಂತಾಗ ಅವನಿಗೆ ಬಾಯಿಯೇ ಬರಲಿಲ್ಲವಂತೆ. ಅವನ ತಂದೆಯು ಕೊಂಕಣಿಯಲ್ಲಿ, ಇವರೆಲ್ಲ ಬರಿಯ ಸೊಪ್ಪು, ಹೆಚ್ಚಿಹಾಕು ಎಂದು ಪಿಸುಗುಟ್ಟಿದನೆಂದೂ ಭಯವು ಹಾರಿಹೋಯಿತೆಂದೂ ಐತಿಹ್ಯವಿದೆ. 1813ರಲ್ಲಿ ಪ್ಯಾರಿಸಿನಲ್ಲಿ ಪ್ರಯೋಗಗಳನ್ನು ತೋರಿಸತೊಡಗಿದ ಅವನು ಹೇಳಿದುದಿಷ್ಟು: ನಿದ್ರೆಯನ್ನು ತರಿಸುವ ಶಕ್ತಿಯು ನನ್ನ ಕೈಯಲ್ಲಿಲ್ಲ, ನಿದ್ರಿಸುವವನ ಚಿತ್ತದಲ್ಲಿದೆ. ಪ್ಯಾರಿಸ್ ನಗರವು ಪ್ರಹಸನ ಬರೆದು ಅವನನ್ನು ಅಪಹಾಸ್ಯ ಮಾಡಿತು. 1819ರಲ್ಲಿ ಅವನ ಗ್ರಂಥವು ಪ್ರಕಟವಾಯಿತು. ಅದೇ ವರ್ಷ ಅವನು ತೀರಿಕೊಂಡನು. ಪಣಜಿಯಲ್ಲಿ 1945ರಲ್ಲಿ ನಿಲ್ಲಿಸಿದ ಅವನ ಪ್ರತಿಮೆಯು ಸ್ತ್ರೀಯೊಬ್ಬಳ ಮೇಲೆ ಕೈಚಾಚಿ ನಿಂತಿದೆ. ಶಿಲ್ಪವು ಸುಂದರವೇ, ಆದರೆ ಅವನು ಜೀವಮಾನವೆಲ್ಲ ಅಲ್ಲಗಳೆದ ಮಾತನ್ನೇ ಆ ಕೈಗಳು ಹೇಳುತ್ತಿರುವಂತೆ ನನಗೆ ತೋರಿತು.

ಹಿಪ್ನಾಟಿಸಂ ಎಂಬ ಹೆಸರನ್ನು ರೂಢಿಗೆ ತಂದವನು 1843ರ ಬ್ರೇಡ್. ಎಸ್ಡೇಲ್ ಎಂಬ ಕಂಪನಿಯ ವೈದ್ಯನು 1845ರಿಂದ ಬಂಗಾಳದ ಹೂಗ್ಲಿಯಲ್ಲಿ ರೋಗಿಗಳನ್ನು ಇಂತಹ ನಿದ್ರೆಯಲ್ಲಿಟ್ಟು ದೊಡ್ಡ ಗೆಡ್ಡೆಗಳನ್ನು ಕೊಯ್ದು ತೆಗೆದನು. 1847ರಲ್ಲಿ ಕ್ಲೋರೋಫಾರ್ಮ್ ಬಂದೊಡನೆ ಆ ವಿದ್ಯೆಯು ಹಿಂದೆ ಸರಿಯಿತು.

ವರ್ತನ ಚಿಕಿತ್ಸೆಯು ಬೇರೊಂದು ದಾರಿಯಿಂದ ಬಂದುದು. ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬಾಕೆಯು 1924ರಲ್ಲಿ ಪ್ರಕಟಿಸಿದ ವೃತ್ತಾಂತವಿದು: ಮೊಲಕ್ಕೆ ಹೆದರುವ ಶಿಶುವು ಇಷ್ಟದ ತಿಂಡಿಯನ್ನು ತಿನ್ನುತ್ತಿರುವಾಗ ಮೊಲವನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಸಮೀಪಕ್ಕೆ ತಂದರು, ಕೊನೆಗೆ ಶಿಶುವೇ ಅದನ್ನು ಮುಟ್ಟಿತು. ವೋಲ್ಪೆ ಎಂಬ ವೈದ್ಯನು 1958ರ ತನ್ನ ಗ್ರಂಥದಲ್ಲಿ ಇಂತಹ ಕ್ರಮವನ್ನೇ ಶಾಸ್ತ್ರವಾಗಿಸಿದನು. ಮೊದಲು ಅಂಗಾಂಗಗಳನ್ನು ಸಡಿಲಿಸುವ ಅಭ್ಯಾಸ. ಬಳಿಕ ಭಯದ ಮೆಟ್ಟಿಲುಗಳನ್ನು ಒಂದೊಂದಾಗಿ ಏರುವುದು. ಸಂಮೋಹನವೂ ಇಲ್ಲಿ ಕೆಲವೊಮ್ಮೆ ಸಹಾಯಕವಾಗಿ ಬರುವುದುಂಟು, ಯಜಮಾನನಾಗಿ ಅಲ್ಲ.

ಬೆಂಗಳೂರಿನಲ್ಲಿ 1925ರಲ್ಲಿ ಹುಚ್ಚಾಸ್ಪತ್ರೆಯೆಂಬ ಹೆಸರು ಹೋಗಿ ಮಾನಸಿಕ ಆಸ್ಪತ್ರೆಯೆಂದಾಯಿತು. 1954ರಲ್ಲಿ ಅದರ ಜತೆಯಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಗಳ ನೇತೃತ್ವದಲ್ಲಿ ಅಖಿಲ ಭಾರತ ಸಂಸ್ಥೆಯು ಸ್ಥಾಪಿತವಾಯಿತು; 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಭಯ, ನಿದ್ರಾನಾಶ, ತಲೆನೋವು ಮುಂತಾದವುಗಳಿಗೆ ವರ್ತನ ಚಿಕಿತ್ಸೆಯು ಅಲ್ಲಿ ದೊರೆಯುತ್ತದೆ. ಜ್ವರಕ್ಕೂ ಹಾವಿನ ಕಡಿತಕ್ಕೂ ಇದು ಮದ್ದಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ವೃತ್ತಾಂತವನ್ನೆಲ್ಲ ನಾನು ಆ ಹಿರಿಯರಿಗೆ ಎರಡು ಸಂಜೆ ಕುಳಿತು ಹೇಳಿದೆನು. ಪಾದ್ರಿಯ ಸೊಪ್ಪಿನ ಕಥೆಗೆ ನಕ್ಕರು. ಮೊಲದ ಕಥೆಯನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಬಾಲಕನನ್ನು ದೀಪಾವಳಿ ಕಳೆದ ಮೇಲೆ ಬೆಂಗಳೂರಿಗೆ ಕರೆದೊಯ್ದಿರುತ್ತಾರೆ.