ಬೆಟ್ಟದ ನೆಲೆ, ದನದ ದಾರಿ

ಕ್ರಿ.ಪೂ. 3000ದ ಸುಮಾರಿಗೆ ಕೃಷ್ಣಾ–ತುಂಗಭದ್ರಾ ಸೀಮೆಯಲ್ಲಿ ದನಗಾಹಿ ಸಮುದಾಯಗಳು ನೆಲೆಯೂರತೊಡಗಿದವು. ಇಂದಿನ ಬಳ್ಳಾರಿ, ರಾಯಚೂರು, ಯಾದಗಿರಿ ಜಿಲ್ಲೆಗಳ ಈ ನೆಲದಲ್ಲಿ ಮಳೆ ಕಡಿಮೆ. ಬಯಲಿನ ನಡುವೆ ಅಲ್ಲಲ್ಲಿ ಗ್ರಾನೈಟ್ ಗುಂಡುಗಳ ಬೆಟ್ಟಗಳು ತಲೆಯೆತ್ತಿವೆ. ನವಶಿಲಾಯುಗದ ಜನ ಈ ಬೆಟ್ಟಗಳನ್ನೇ ಆರಿಸಿಕೊಂಡರು. ಬಂಡೆಗಳ ನಡುವಿನ ದೊಣೆಗಳಲ್ಲಿ ಮಳೆನೀರು ನಿಲ್ಲುತ್ತಿತ್ತು, ಮೇಲಿನಿಂದ ಮೇವಿನ ಬಯಲು ದೂರದವರೆಗೆ ಕಾಣುತ್ತಿತ್ತು.

ತೆಕ್ಕಲಕೋಟೆಯಲ್ಲಿ ಅವರು ಗುಂಡುಗಳ ನಡುವಿನ ಇಳಿಜಾರನ್ನು ಮಟ್ಟಮಾಡಿ, ತಡಿಕೆಗೆ ಮಣ್ಣು ಮೆತ್ತಿದ ದುಂಡನೆಯ ಗುಡಿಸಲು ಕಟ್ಟಿಕೊಂಡಿದ್ದರು. ಇಂಥ ನೆಲೆಗಳಲ್ಲಿ ಸತ್ತ ಎಳೆಮಕ್ಕಳನ್ನು ಮಡಕೆಯಲ್ಲಿಟ್ಟು ಮನೆಯ ಬಳಿಯೇ ಹೂಳುತ್ತಿದ್ದರು. ಸಂಗನಕಲ್ಲು–ಕಪ್ಪಗಲ್ಲಿನ ಹಿರೇಗುಡ್ಡದಲ್ಲಿ ಡಾಲರೈಟ್ ಕಲ್ಲಿನ ಪಟ್ಟಿಯೊಂದು ಗ್ರಾನೈಟನ್ನು ಸೀಳಿ ಹಾದಿದೆ. ಆ ಕರಿಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಬಂಡೆಗೆ ಉಜ್ಜಿ ನುಣುಪುಮಾಡಿ ಕೊಡಲಿಗಳನ್ನು ತಯಾರಿಸುತ್ತಿದ್ದರು. ಉದ್ದ ಕೊಂಬಿನ ಗೂಳಿಗಳ ಕುಟ್ಟುಚಿತ್ರಗಳೂ ಅಲ್ಲಿನ ಬಂಡೆಗಳ ಮೇಲಿವೆ. ಕೊರಲೆ, ಹುರುಳಿ, ಹೆಸರು ಅವರ ಬೆಳೆಗಳು. ಆದರೂ ಬದುಕಿನ ಆಧಾರ ದನವೇ.

ದನವಿದ್ದ ಮೇಲೆ ಒಂದೇ ಕಡೆ ಕೂರಲಾಗದು. ಬೇಸಿಗೆಯಲ್ಲಿ ಮೇವು, ನೀರು ಸಿಕ್ಕಲ್ಲಿಗೆ ಹೋಗಲೇಬೇಕು. ಆ ಬಾಳಿನ ಗುರುತೇ ಬೂದಿದಿಬ್ಬಗಳು. ಇಂಥವು ನೂರಕ್ಕೂ ಹೆಚ್ಚು ಪತ್ತೆಯಾಗಿವೆ. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತಾಭಸ್ಮವೆಂದು ನಂಬಿದ್ದಾರೆ. ದೊಡ್ಡಿಯಲ್ಲಿ ಕೂಡಿದ ಸಗಣಿ ಮತ್ತೆ ಮತ್ತೆ ಉರಿದು ಪದರಗಟ್ಟಿದ್ದೇ ಈ ಬೂದಿಯೆಂಬುದು ಖಚಿತವಾಗಿದೆ. ತೆಲಂಗಾಣದ ಉತ್ನೂರಿನಲ್ಲಿ ಎಫ್. ಆರ್. ಆಲ್ಚಿನ್ ಅಗೆದಾಗ ದೊಡ್ಡಿಯ ಸುತ್ತ ನೆಟ್ಟ ಕಂಬಗಳ ಕುಳಿಗಳು ಸಿಕ್ಕವು, ಬೂದಿಯ ಪದರದಲ್ಲಿ ದನಗಳ ಗೊರಸಿನ ಗುರುತುಗಳೂ ಉಳಿದಿದ್ದವು.

ಸಗಣಿಗೆ ಬೆಂಕಿ ಇಟ್ಟದ್ದು ಏಕೆ? ವಲಸೆಯ ಋತು ತೊಡಗುವಾಗಲೋ ಮುಗಿಯುವಾಗಲೋ ಅದು ಹಬ್ಬದಂತೆ ನಡೆದಿರಬೇಕೆಂದು ಆಲ್ಚಿನ್ ಊಹಿಸಿದರು. ಇಂದಿಗೂ ಸಂಕ್ರಾಂತಿಯಲ್ಲಿ ದನಗಳನ್ನು ಕಿಚ್ಚು ಹಾಯಿಸುವ ನಾಡಿನಲ್ಲಿ ಈ ಊಹೆಯನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಬೂದಿದಿಬ್ಬವೆಲ್ಲ ಬರಿಯ ಋತುಮಾನದ ತಂಗುದಾಣ ಎನ್ನುವುದೂ ಸರಿಯಲ್ಲ. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ನಡೆಸಿದ ಉತ್ಖನನದಲ್ಲಿ ದೊಡ್ಡಿ, ಮನೆಗಳು, ಮಾಂಸ ಕಡಿಯುತ್ತಿದ್ದ ನೆಲಗಟ್ಟು ಒಟ್ಟಿಗೇ ಸಿಕ್ಕವು. ಅದು ಜನ ಬಾಳಿ ಬದುಕಿದ ಊರು. ಊರಲ್ಲಿ ಕೆಲವರು ಉಳಿದು, ದನದ ಹಿಂದೆ ಕೆಲವರು ಹೊರಟು ಹೋಗುತ್ತಿದ್ದರೆಂದು ತಿಳಿಯುವುದೇ ಈ ಕುರುಹುಗಳಿಗೆ ಹೆಚ್ಚು ಹೊಂದುತ್ತದೆ.

ಕ್ರಿ.ಪೂ. 1200ರ ಸುಮಾರಿಗೆ ಬೆಟ್ಟದ ಮೇಲಿನ ವಾಸ ಬಹುತೇಕ ನಿಂತು, ಕಬ್ಬಿಣ ಮತ್ತು ಬೃಹತ್ ಶಿಲಾ ಸಮಾಧಿಗಳ ಕಾಲ ಮೊದಲಾಯಿತು. ಕಪ್ಪಗಲ್ಲಿನ ಬೆಟ್ಟಕ್ಕೆ ನಮ್ಮ ಕಾಲದಲ್ಲಿ ಕಲ್ಲುಗಣಿಗಾರಿಕೆಯಿಂದ ಹಾನಿಯಾಗಿದೆ. ಉಳಿದ ಬಂಡೆಗಳನ್ನಾದರೂ ಸರ್ಕಾರವೂ ಸುತ್ತಲಿನ ಊರುಗಳೂ ಕೂಡಿ ಕಾಯಬೇಕು.