ಸಮಚಿತ್ತದ ಪ್ರಾರ್ಥನೆ

ಸಮಚಿತ್ತದ ಪ್ರಾರ್ಥನೆ: ಕಷ್ಟಕಾಲದಲ್ಲಿ ದೇವರ ಚಿತ್ತಕ್ಕೆ ತಲೆಬಾಗುತ್ತಲೇ ಮಾಡಬೇಕಾದ ಕೆಲಸಕ್ಕೆ ಬಲ ಬೇಡುವ ಕಿರು ಕ್ರೈಸ್ತ ಪ್ರಾರ್ಥನೆ. ಇಂಗ್ಲಿಷಿನಲ್ಲಿ ‘ಸೆರೆನಿಟಿ ಪ್ರೇಯರ್’ ಎಂದು ಪ್ರಸಿದ್ಧ. ಇದರ ಬೇಡಿಕೆ ಮೂರು: ಕೈಮೀರಿದ್ದರ ಎದುರು ಸಮಚಿತ್ತ, ತಿದ್ದಲೇಬೇಕಾದದ್ದರ ಎದುರು ಧೈರ್ಯ, ಯಾವುದು ಯಾವ ಬಗೆಯದೆಂದು ತಿಳಿಯುವ ವಿವೇಕ. ಅಮೆರಿಕದ ಪ್ರಾಟೆಸ್ಟಂಟ್ ದೇವಶಾಸ್ತ್ರಜ್ಞ ರೈನ್‌ಹೋಲ್ಡ್ ನೀಬೂರ್ (1892–1971) ಇದರ ಕರ್ತೃ ಎಂಬುದನ್ನು ಈಗ ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಆದರೂ ಸಂತ ಅಗಸ್ಟೀನ್, ಅಸ್ಸಿಸಿಯ ಸಂತ ಫ್ರಾನ್ಸಿಸ್ ಮೊದಲಾದವರ ಹೆಸರಿನಲ್ಲೂ ಇದು ಪ್ರಚಾರದಲ್ಲಿದೆ.

ಹಿನ್ನೆಲೆ

ಸಂಕಟದಲ್ಲಿ ದೇವರ ಚಿತ್ತವನ್ನು ನಂಬುವ ಕ್ರೈಸ್ತ ಪರಂಪರೆಯ ಬೇರು ಯೋಬನ ಗ್ರಂಥದಲ್ಲಿಯೂ ಗೆತ್ಸೇಮನೆ ತೋಟದಲ್ಲಿ ಯೇಸು ಮಾಡಿದ ಪ್ರಾರ್ಥನೆಯಲ್ಲಿಯೂ ಇದೆ. ಮೂರನೆಯ ಶತಮಾನದ ನಡುವೆ ಮಹಾಮಾರಿ ಹಬ್ಬಿದಾಗ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ತನ್ನ ಸಭೆಗೆ ಧೈರ್ಯ ತುಂಬಲು ಇದೇ ನಂಬಿಕೆಯನ್ನು ಕುರಿತು ಬರೆದ. ತನ್ನ ಕೈಯಲ್ಲಿರುವುದನ್ನೂ ಇಲ್ಲದ್ದನ್ನೂ ಬೇರ್ಪಡಿಸಿ ನೋಡುವ ವಿಚಾರ ಗ್ರೀಕ್ ದಾರ್ಶನಿಕ ಎಪಿಕ್ಟೆಟಸ್‌ನಲ್ಲಿ ಸಿಗುತ್ತದೆ. ಅದಕ್ಕೆ ಹತ್ತಿರವಾದ ಮಾತು ಬೌದ್ಧ ಕವಿ ಶಾಂತಿದೇವನ ‘ಬೋಧಿಚರ್ಯಾವತಾರ’ದಲ್ಲೂ ಇದೆ. ಆದರೆ ಮೂರು ಬೇಡಿಕೆಗಳ ಪ್ರಾರ್ಥನೆಯಾಗಿ ಇದರ ದಾಖಲೆ ದೊರೆಯುವುದು 1930ರ ದಶಕದಿಂದ.

ಕರ್ತೃತ್ವದ ವಿವಾದ

ಮ್ಯಾಸಚೂಸೆಟ್ಸ್‌ನ ಹೀತ್ ಎಂಬ ಹಳ್ಳಿಯ ಚರ್ಚಿನ ಆರಾಧನೆಗಾಗಿ ನೀಬೂರ್ 1943ರಲ್ಲಿ ಇದನ್ನು ರಚಿಸಿದರೆಂದು ಅವರ ಮಗಳು ಎಲಿಜಬೆತ್ ಸಿಫ್ಟನ್ 2003ರ ತಮ್ಮ ಪುಸ್ತಕದಲ್ಲಿ ಬರೆದರು. ಯೇಲ್ ವಿಶ್ವವಿದ್ಯಾಲಯದ ಗ್ರಂಥಪಾಲಕ ಫ್ರೆಡ್ ಶಪಿರೊ 2008ರಲ್ಲಿ ಇದನ್ನು ಪ್ರಶ್ನಿಸಿದರು. 1936ರಿಂದಲೇ ಪತ್ರಿಕೆಗಳಲ್ಲಿ ಈ ಪ್ರಾರ್ಥನೆಯ ರೂಪಗಳು ಅವರಿಗೆ ಸಿಕ್ಕಿದ್ದವು. ಅದನ್ನು ಬಳಸಿದವರಲ್ಲಿ ಹೆಚ್ಚಿನವರು ಸಮಾಜಸೇವೆಯಲ್ಲಿದ್ದ ಮಹಿಳೆಯರು.

ಗಂಟು ಸಡಿಲಿಸಿದ್ದು ಒಂದು ದಿನಚರಿ. ವಿನಿಫ್ರೆಡ್ ವೈಗಲ್ ಕ್ರೈಸ್ತ ಯುವತಿಯರ ಸಂಘದ (ವೈಡಬ್ಲ್ಯುಸಿಎ) ಕಾರ್ಯಕರ್ತೆ, ನೀಬೂರ್ ಅವರ ಶಿಷ್ಯೆ. 1932ರ ಅಕ್ಟೋಬರ್ 31ರ ಪುಟದಲ್ಲಿ ಆಕೆ ಇದೇ ಆಶಯದ ಮಾತೊಂದನ್ನು ನೀಬೂರ್ ಅವರ ಹೆಸರಿನ ಮೊದಲಕ್ಷರಗಳೊಂದಿಗೆ ಗುರುತು ಹಾಕಿಕೊಂಡಿದ್ದರು. ಅಲ್ಲಿ ಸಮಚಿತ್ತ, ಧೈರ್ಯ ಎರಡೇ ಇವೆ, ವಿವೇಕದ ಪ್ರಸ್ತಾಪವಿಲ್ಲ. ಅದು ಪ್ರಾರ್ಥನೆಯಲ್ಲ, ಬಿಕ್ಕಟ್ಟಿನಲ್ಲಿ ಗೆಲ್ಲುವ ಮನುಷ್ಯನ ಲಕ್ಷಣ ಹೇಳುವ ಮಾತು. 1933ರ ಮಾರ್ಚ್‌ನಲ್ಲಿ ವೈಗಲ್ ಪ್ರಕಟಿಸಿದ ಲೇಖನದಲ್ಲಿ ಮೂರೂ ಬೇಡಿಕೆಗಳಿರುವ ಪ್ರಾರ್ಥನೆ ಕಾಣಿಸುತ್ತದೆ. ಈ ದಿನಚರಿ ದೊರೆತ ಮೇಲೆ, 2014ರಲ್ಲಿ, ಶಪಿರೊ ಅವರೇ ಶ್ರೇಯಸ್ಸು ನೀಬೂರ್ ಅವರದೆಂದು ಬರೆದರು. ಆದರೆ ಹೀತ್‌ನ 1943ರ ಕಥೆ ಇದರಿಂದ ಹಿಂದೆ ಸರಿಯಿತು.

ಜರ್ಮನಿಯಲ್ಲಿ ಹುಟ್ಟಿದ್ದು ಬೇರೆಯೇ ಗೊಂದಲ. ಕೀಲ್‌ನ ಪ್ರಾಧ್ಯಾಪಕ ಥಿಯೋಡೋರ್ ವಿಲ್ಹೆಲ್ಮ್ 1951ರಲ್ಲಿ ‘ಫ್ರೀಡ್ರಿಕ್ ಓಟಿಂಗರ್’ ಎಂಬ ಕಾವ್ಯನಾಮದ ಪುಸ್ತಕದಲ್ಲಿ ಈ ಪ್ರಾರ್ಥನೆಯನ್ನು ಬಳಸಿದರು. ಓದುಗರು ಅದನ್ನು ಹದಿನೆಂಟನೆಯ ಶತಮಾನದ ದೇವಶಾಸ್ತ್ರಜ್ಞ ಫ್ರೀಡ್ರಿಕ್ ಕ್ರಿಸ್ಟೋಫ್ ಓಟಿಂಗರ್‌ಗೆ (1702–1782) ಸಲ್ಲಿಸಿಬಿಟ್ಟರು.

ಪ್ರಸಾರ

1941ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರ ನಿಧನವಾರ್ತೆಯಲ್ಲಿ ಈ ಸಾಲುಗಳನ್ನು ಕಂಡ ಕುಡಿತ ಬಿಡಲು ನೆರವಾಗುವ ಸಂಘ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸದಸ್ಯರು ಅವನ್ನು ಚಿಕ್ಕ ಕಾರ್ಡುಗಳಲ್ಲಿ ಅಚ್ಚು ಹಾಕಿಸಿ ಹಂಚಿದರು. 1944ರಲ್ಲಿ ಅಮೆರಿಕದ ಸೈನಿಕರ ಪ್ರಾರ್ಥನಾ ಪುಸ್ತಕಕ್ಕೂ ಅದು ಸೇರಿತು. ಕುಡಿತ ಬಿಡಲು ಹೆಣಗುವವರ ಸಭೆಗಳ ಮೂಲಕವೇ ಅದು ದೇಶದೇಶಗಳಿಗೆ ತಲುಪಿತು.

ಪಾಠಭೇದ ಮತ್ತು ಅರ್ಥ

ಹರಡಿದಂತೆ ಪಾಠವೂ ಬದಲಾಯಿತು. ವೈಗಲ್ 1933ರಲ್ಲಿ ಕೊಟ್ಟ ಪ್ರಾರ್ಥನೆಯಲ್ಲಿ ಧೈರ್ಯವೇ ಮೊದಲು, ಬೇಡುವವರು ‘ನಾವು’, ಬದಲಿಸಬೇಕಾದದ್ದು ಬದಲಾಗಲೇಬೇಕಾದ ಸಂಗತಿ. ಜನಪ್ರಿಯ ರೂಪದಲ್ಲಿ ಸಮಚಿತ್ತ ಮುಂದೆ ಬಂತು, ಬೇಡುವವರು ‘ನಾನು’ ಆದರು, ಬದಲಿಸಬೇಕಾದದ್ದು ನನ್ನಿಂದಾಗುವಷ್ಟಕ್ಕೆ ಕುಗ್ಗಿತು. ಕಷ್ಟವನ್ನು ಶಾಂತಿಯ ದಾರಿಯೆಂದು ಸ್ವೀಕರಿಸಿ ದೇವರ ಚಿತ್ತಕ್ಕೆ ಶರಣಾಗುವ, ಕೆಲವು ರೂಪಗಳಲ್ಲಿ ಕಾಣುವ ಮುಂದುವರಿದ ಭಾಗ ಈ ಆರಂಭದ ದಾಖಲೆಗಳಲ್ಲಿಲ್ಲ.

ಈ ವ್ಯತ್ಯಾಸ ಮುಖ್ಯ. ನೀಬೂರ್ 1915ರಿಂದ 1928ರವರೆಗೆ ಡೆಟ್ರಾಯಿಟ್‌ನಲ್ಲಿ ಪಾಸ್ಟರ್ ಆಗಿದ್ದು, ಕಾರು ಕಾರ್ಖಾನೆಗಳ ಕಾರ್ಮಿಕರ ಪಾಡನ್ನು ಕಣ್ಣಾರೆ ಕಂಡವರು. ಸಾಮಾಜಿಕ ಅನ್ಯಾಯ ಕುರಿತ ಅವರ ‘ಮಾರಲ್ ಮ್ಯಾನ್ ಅಂಡ್ ಇಮ್ಮಾರಲ್ ಸೊಸೈಟಿ’ ಹೊರಬಂದದ್ದು ವೈಗಲ್ ದಿನಚರಿಯ ವರ್ಷವೇ. ಆ ಸಂದರ್ಭದಲ್ಲಿಟ್ಟು ಓದಿದರೆ, ದೇವರಲ್ಲಿ ಭರವಸೆಯಿಡುವುದೆಂದರೆ ಬಂದದ್ದನ್ನೆಲ್ಲ ಅನುಭವಿಸಿ ಸುಮ್ಮನಿರುವುದಲ್ಲ. ಅನ್ಯಾಯವನ್ನು ಎದುರಿಸುವ ಹೊಣೆಯೂ ಆ ಭರವಸೆಗೆ ಸೇರಿದ್ದು.