ರಜೆಯ ಖರ್ಚು ಯಾರ ತಲೆಗೆ? ಬಸುರಿಯರು, ಮನೋರೋಗಿಗಳು ಮತ್ತು ದುಡಿಮೆಯ ಕಾನೂನು

ಬಸುರಿಯನ್ನು ಕೆಲಸದಿಂದ ಬಿಡಿಸುವುದು ಒಂದು ಅನ್ಯಾಯ, ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರನ್ನು ಬಿಡಿಸುವುದು ಮತ್ತೊಂದು ಅನ್ಯಾಯ ಎಂದು ನಮ್ಮ ಕಾನೂನು ಇವನ್ನು ಬಹುಮಟ್ಟಿಗೆ ಬೇರೆ ಬೇರೆಯಾಗಿಯೇ ನೋಡುತ್ತ ಬಂದಿದೆ. ಆದರೆ ಎರಡರ ಬೇರೂ ಒಂದೇ. ವರ್ಷವಿಡೀ ಒಂದೇ ಸಮನೆ ದುಡಿಯುವವರು ಮಾತ್ರ ಕೆಲಸಗಾರರು, ನಡುವೆ ತಿಂಗಳುಗಟ್ಟಲೆ ನಿಲ್ಲಬೇಕಾದವರು ಮಾಲೀಕನಿಗೆ ನಷ್ಟ ಎಂಬ ಲೆಕ್ಕ ಅದು. ಕೆಲಸದಿಂದ ತೆಗೆಯಬಾರದು ಎಂದು ಬರೆದಿಟ್ಟ ಮಾತ್ರಕ್ಕೆ ಈ ಲೆಕ್ಕ ಬದಲಾಗುವುದಿಲ್ಲ. ಆ ತಿಂಗಳುಗಳ ಖರ್ಚು ಯಾರ ತಲೆಗೆ ಬೀಳುತ್ತದೆ ಎಂಬುದು ಬದಲಾದಾಗ ಮಾತ್ರ ತಾರತಮ್ಯ ಸಡಿಲವಾಗುತ್ತದೆ. ಒಂದು ನೂರು ವರ್ಷಗಳ ಕಾನೂನಿನ ಬೆಳವಣಿಗೆ ನನಗೆ ಹೇಳುವುದು ಇದನ್ನೇ. ಇದನ್ನು ಬಳ್ಳಾರಿಯಲ್ಲಿ ನಿಂತು ನೋಡಬೇಕಾದ ಕಾರಣವೂ ಇದೆ. ಮಾನಸಿಕ ಆರೋಗ್ಯದ ವಿಷಯದಲ್ಲಿ ಇಡೀ ದೇಶಕ್ಕೆ ಮಾದರಿ ಕೊಟ್ಟದ್ದು ಈ ಜಿಲ್ಲೆ.

ಹೆರಿಗೆಯ ಹಕ್ಕಿನ ಕಥೆ ಮೊದಲು ಶುರುವಾಗುತ್ತದೆ. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೆರಿಗೆ ರಕ್ಷಣೆಯ ಒಪ್ಪಂದ ಮಾಡಿತು. 1928ರಲ್ಲಿ ಮುಂಬಯಿಯ ಶಾಸನಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಅಂಬೇಡ್ಕರ್ ಅದರ ಪರವಾಗಿ ಮಾತಾಡಿದರು. ಮರುವರ್ಷ ಅದು ಕಾಯ್ದೆಯಾಯಿತು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿ 1934ರ ಕಾಯ್ದೆ ಬಂತು. ಸ್ವಾತಂತ್ರ್ಯಾನಂತರ 1961ರ ಹೆರಿಗೆ ಸೌಲಭ್ಯ ಕಾಯ್ದೆ 12 ವಾರಗಳ ಸಂಬಳ ಸಹಿತ ರಜೆ ಕೊಟ್ಟು, ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದನ್ನು ನಿಷೇಧಿಸಿತು. ಈ ಸೌಲಭ್ಯಕ್ಕೆ ಬೇಕಾದ ಕೆಲಸದ ದಿನಗಳನ್ನು 1988ರ ತಿದ್ದುಪಡಿ 160ರಿಂದ 80ಕ್ಕೆ ಇಳಿಸಿತು. 2017ರ ತಿದ್ದುಪಡಿ ರಜೆಯನ್ನು 26 ವಾರಕ್ಕೆ ಏರಿಸಿ, 50 ಅಥವಾ ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿತು. ಹೀಗೆ ಪ್ರತಿ ಹೆಜ್ಜೆಯಲ್ಲೂ ಹಕ್ಕು ಹಿಗ್ಗಿತು, ಆದರೆ ಈ ಕಾಯ್ದೆಯಡಿ ಸಂಬಳದ ಹೊರೆ ಮಾತ್ರ ಪೂರ್ತಿಯಾಗಿ ಮಾಲೀಕನ ಮೇಲೆಯೇ ಉಳಿಯಿತು. ತಪ್ಪಿಸಿಕೊಳ್ಳುವ ದಾರಿ ಹುಡುಕಲು ಕಾರಣವಾದದ್ದೂ ಅದೇ.

ಆ ದಾರಿಗಳು ಹೇಗಿದ್ದವು ಎಂಬುದಕ್ಕೆ ನ್ಯಾಯಾಲಯಗಳ ದಾಖಲೆಯೇ ಸಾಕ್ಷಿ. ಗಗನಸಖಿ ಮೊದಲ ಬಾರಿ ಬಸಿರಾದೊಡನೆ ಕೆಲಸ ಹೋಗಬೇಕೆಂಬ ಏರ್ ಇಂಡಿಯಾದ ನಿಯಮವನ್ನು ಸುಪ್ರೀಂ ಕೋರ್ಟ್ 1981ರಲ್ಲಿ ರದ್ದು ಮಾಡಿತು. ಅದಾದ ಹತ್ತು ವರ್ಷಕ್ಕೆ ಎಲ್‌ಐಸಿಯ ಒಂದು ಅರ್ಜಿ ನಮೂನೆ ಅದೇ ಕೋರ್ಟಿನ ಮುಂದೆ ಬಂತು. ಕೆಲಸಕ್ಕೆ ಸೇರುವ ಹೆಂಗಸು ಕೊನೆಯ ಬಾರಿ ಮುಟ್ಟಾದ ದಿನ ಯಾವುದು, ಎಷ್ಟು ಸಲ ಬಸಿರಾಗಿದ್ದಾಳೆ ಎಂದು ಅದು ಕೇಳುತ್ತಿತ್ತು. ಆ ಕಾಲಂಗಳಲ್ಲಿ ಸುಳ್ಳು ಬರೆದಳೆಂದು ಪ್ರೊಬೇಷನ್ನಿನಲ್ಲಿದ್ದ ಒಬ್ಬಾಕೆಯನ್ನು ಹೆರಿಗೆ ರಜೆಯ ನಂತರ ತೆಗೆದುಹಾಕಲಾಗಿತ್ತು. ಕೋರ್ಟ್ ಆಕೆಯನ್ನು ಮರಳಿ ಸೇರಿಸಿ, ಅಂಥ ಕಾಲಂಗಳನ್ನೇ ತೆಗೆಯಲು ಹೇಳಿತು. 2000ದಲ್ಲಿ ದಿಲ್ಲಿ ಪಾಲಿಕೆಯ ದಿನಗೂಲಿ ಹೆಂಗಸರಿಗೂ ಹೆರಿಗೆ ಸೌಲಭ್ಯ ಸಿಕ್ಕಿತು. 2023ರಲ್ಲಿ, ಗುತ್ತಿಗೆಯ ಅವಧಿ ಮುಗಿದರೂ ಸೌಲಭ್ಯ ನಿಲ್ಲದು ಎಂದು ತೀರ್ಪಾಯಿತು. ಈ ಸಾಲನ್ನು ಒಟ್ಟಿಗೆ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನೇರವಾಗಿ ತೆಗೆಯುವುದು ಕಷ್ಟವಾದಂತೆ ತಾರತಮ್ಯವು ಅರ್ಜಿಯ ಕಾಲಂಗೆ, ದಿನಗೂಲಿಗೆ, ಗುತ್ತಿಗೆಯ ಕೊನೆಯ ತಾರೀಕಿಗೆ ಜಾಗ ಬದಲಿಸುತ್ತ ಹೋಯಿತು.

ಮಾನಸಿಕ ಕಾಯಿಲೆಯವರ ಕಥೆ ತಡವಾಗಿ ಶುರುವಾಯಿತು. 1912ರ ಹುಚ್ಚರ ಕಾಯ್ದೆಗೆ ಅವರನ್ನು ಎಲ್ಲಿ ಕೂಡಿಹಾಕಬೇಕೆಂಬುದೇ ಮುಖ್ಯವಾಗಿತ್ತು. 1993ರವರೆಗೂ ಅದೇ ನಡೆಯಿತು. ಈ ನೋಟ ಬದಲಾಗಲು ಬಳ್ಳಾರಿ ನೆರವಾಯಿತು. 1985ರಿಂದ 1990ರವರೆಗೆ ನಿಮ್ಹಾನ್ಸ್ ಇಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಡೆಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟಿತು. ಕಾಯಿಲೆಯವರು ಊರಲ್ಲೇ ಔಷಧಿ ಪಡೆದು, ಮನೆಯಲ್ಲೇ ಇದ್ದು ಬದುಕಬಹುದೆಂದು ಅದು ತೋರಿಸಿತು. 1996ರಲ್ಲಿ ಕೇಂದ್ರ ಸರ್ಕಾರ ಈ ‘ಬಳ್ಳಾರಿ ಮಾದರಿ’ಯನ್ನೇ ಬೇರೆ ಜಿಲ್ಲೆಗಳಿಗೆ ಒಯ್ದಿತು. ಚಿಕಿತ್ಸೆ ಆಸ್ಪತ್ರೆಯ ಗೋಡೆ ದಾಟಿ ಬಂತು, ಕೆಲಸದ ಜಾಗದ ಹೊಸ್ತಿಲಲ್ಲಿ ನಿಂತಿತು. 1995ರ ಅಂಗವಿಕಲರ ಕಾಯ್ದೆ, ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ತೆಗೆಯಬಾರದೆಂದಿತು. ಮಾನಸಿಕ ಕಾಯಿಲೆಯೂ ಅದರಲ್ಲಿ ಸೇರಿತ್ತು. ಆದರೆ ಅದರಲ್ಲೂ 2016ರ ಕಾಯ್ದೆಯಲ್ಲೂ ಈ ಖಚಿತ ರಕ್ಷಣೆ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿ ಗಿರಣಿಯ ಕೆಲಸಗಾರನ ಪಾಲಿಗೆ ಉಳಿದದ್ದು ಸಮಾನತೆಯ ಸಾಮಾನ್ಯ ಮಾತು ಮತ್ತು ಮಾಲೀಕ ಬರೆದಿಡಬೇಕಾದ ಸಮಾನ ಅವಕಾಶ ನೀತಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಸಮಾನತೆಯನ್ನು ಚಿಕಿತ್ಸೆಯ ವಿಷಯದಲ್ಲಷ್ಟೇ ಹೇಳುತ್ತದೆ, ಸಂಬಳದ ವಿಷಯದಲ್ಲಿ ಅಲ್ಲ.

ಎರಡು ದಾರಿಗಳೂ ಒಂದೆಡೆ ಕೂಡಿದ್ದು 1948ರ ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆಯಲ್ಲಿ. ಅದರ 73ನೇ ಸೆಕ್ಷನ್, ಕಾಯಿಲೆಯ ಭತ್ಯೆ ಪಡೆಯುತ್ತಿರುವವರನ್ನೂ ಹೆರಿಗೆ ಭತ್ಯೆ ಪಡೆಯುತ್ತಿರುವವರನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿ, ಆ ಅವಧಿಯಲ್ಲಿ ಅವರನ್ನು ತೆಗೆಯುವುದನ್ನೂ ಶಿಕ್ಷಿಸುವುದನ್ನೂ ತಡೆಯಿತು. ಅದಕ್ಕಿಂತ ಮುಖ್ಯವಾಗಿ, ಹಣ ಮಾಲೀಕನ ಪೆಟ್ಟಿಗೆಯಿಂದ ಹೋಗುವುದಿಲ್ಲ, ಎಲ್ಲರ ವಂತಿಗೆ ಸೇರಿದ ನಿಧಿಯಿಂದ ಹೋಗುತ್ತದೆ. 2019ರಿಂದ ನೂರು ರೂಪಾಯಿ ಸಂಬಳಕ್ಕೆ ಮಾಲೀಕನ ಪಾಲು 3.25, ಕಾರ್ಮಿಕರ ಪಾಲು 0.75. ಇದರಿಂದ 26 ವಾರಗಳ ಹೆರಿಗೆ ಭತ್ಯೆ ಪೂರ್ತಿ ಕೂಲಿಯ ದರದಲ್ಲಿ ಸಿಗುತ್ತದೆ. ತೀವ್ರ ಮಾನಸಿಕ ಕಾಯಿಲೆಗೆ ಕೂಲಿಯ ಶೇ. 80ರಷ್ಟು ವಿಸ್ತೃತ ಭತ್ಯೆಯೂ ಉಂಟು. ಹೆರಿಗೆಯ ಬೆನ್ನಿಗೆ ಬರುವ, ಹಳ್ಳಿಗಳಲ್ಲಿ ‘ಬಾಣಂತಿ ಸನ್ನಿ’ ಎನ್ನುವ ಮಾನಸಿಕ ಕಾಯಿಲೆ ಬಂದವಳು ಮೊದಲು ಬಾಣಂತಿ, ಆಮೇಲೆ ರೋಗಿ. 1961ರ ಕಾಯ್ದೆ ಅವಳಿಗೆ ಒಂದು ತಿಂಗಳು ಹೆಚ್ಚುವರಿ ರಜೆ ಕೊಟ್ಟು ಕೈತೊಳೆದುಕೊಂಡರೆ, ಇಎಸ್‌ಐಯಲ್ಲಿ ಅವಳು ಬಾಣಂತಿಯೂ ಹೌದು, ರೋಗಿಯೂ ಹೌದು.

ಆಕ್ಷೇಪಗಳಿವೆ. ರಜೆ ಹೆಚ್ಚಾದಷ್ಟೂ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಕಡಿಮೆಯಾಗುತ್ತದೆ ಎನ್ನುತ್ತಾರೆ. ಮಾಲೀಕನೊಬ್ಬನೇ ಸಂಬಳ ಕೊಡಬೇಕಾದಲ್ಲಿ ಇದು ನಿಜವಾದ ಭಯವೇ. ಆದರೆ ಅದು ನಿಧಿಯ ಪರವಾದ ವಾದ, ರಜೆಯ ವಿರುದ್ಧದ ವಾದವಲ್ಲ. ಮನೋರೋಗಿಯನ್ನು ಯಂತ್ರದ ಮುಂದೆ ನಿಲ್ಲಿಸುವುದು ಅಪಾಯ ಎಂಬುದು ಇನ್ನೊಂದು ಮಾತು. ಅಪಾಯವಿದ್ದರೆ ಅದನ್ನು ಆ ವ್ಯಕ್ತಿ, ಆ ಕೆಲಸ ನೋಡಿ ವೈದ್ಯರು ಹೇಳಬೇಕು. ರೋಗದ ಹೆಸರು ಕೇಳಿ ಮೇಸ್ತ್ರಿ ತೀರ್ಮಾನಿಸುವಂತಿಲ್ಲ. ಮಾನಸಿಕ ಕಾಯಿಲೆಯಿದ್ದ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಶಿಸ್ತುಕ್ರಮವನ್ನು ರದ್ದುಗೊಳಿಸಿ, ಬೇರೆ ಹುದ್ದೆಗೆ ಹಾಕಿದರೂ ಸಂಬಳ ಕಾಪಾಡಬೇಕೆಂದಿತು. ಬಂದೂಕು ಹಿಡಿಯುವ ಪಡೆಯಲ್ಲೇ ಬೇರೆ ಹುದ್ದೆ ಕೊಟ್ಟು ಸಂಬಳ ಕಾಪಾಡುವುದು ಸಾಧ್ಯವಾದರೆ, ಅಕ್ಕಿ ಗಿರಣಿಯಲ್ಲಿ ಏಕಾಗದು?

ಉಳಿದಿರುವ ದೊಡ್ಡ ಕೊರತೆ ನಿಧಿಯ ಹೊರಗಿರುವವರದು. ಇಎಸ್‌ಐ ಸಾಮಾನ್ಯವಾಗಿ ಹತ್ತು ಜನ ದುಡಿಯುವಲ್ಲಿಂದ ಶುರು. ಬಳ್ಳಾರಿಯ ಜೀನ್ಸ್ ಕೆಲಸ ಸಣ್ಣ ಸಣ್ಣ ಹೊಲಿಗೆ ಘಟಕಗಳಲ್ಲೂ, ಪೀಸಿಗೆ ಇಷ್ಟೆಂದು ಮನೆಯಲ್ಲಿ ದಾರ ಕತ್ತರಿಸುವ ಹೆಂಗಸರ ಕೈಯಲ್ಲೂ ಹರಡಿದೆ; ಸಿರುಗುಪ್ಪ, ಕುರುಗೋಡು ಕಡೆಯ ಗದ್ದೆಗಳಲ್ಲಿ ನಾಟಿ ಹಾಕುವವರಿಗೆ ಹಾಜರಿ ಪುಸ್ತಕವೇ ಇಲ್ಲ. ಸಂಗನಕಲ್ಲಿನಂಥ ನಗರದ ಮಗ್ಗುಲ ಊರಿನ ಕೂಲಿ ಹೆಂಗಸಿಗೆ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ. ಕಾಯ್ದೆಯ ಒಳಗಿರುವವಳಿಗೆ 26 ವಾರಗಳ ಕೂಲಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಅಸಂಘಟಿತರ ಆರೋಗ್ಯ, ಹೆರಿಗೆ ಸೌಲಭ್ಯಗಳಿಗೆ ಯೋಜನೆ ರೂಪಿಸಲು ಅವಕಾಶವಿಟ್ಟಿದೆ. ಆ ಯೋಜನೆ ಇಎಸ್‌ಐಯಂತೆ ಕೂಲಿಯನ್ನು ತುಂಬಿಕೊಡಬೇಕು, ಮಾನಸಿಕ ಕಾಯಿಲೆಯನ್ನು ಹೆಸರಿಟ್ಟು ಒಳಗೊಳ್ಳಬೇಕು. ಪೀಸ್ ಲೆಕ್ಕದ ಕೆಲಸಗಾರರ ವಂತಿಗೆಯನ್ನು ಅವರಿಗೆ ಕೆಲಸ ಕೊಡುವ ದೊಡ್ಡ ವ್ಯಾಪಾರಿಯಿಂದ ವಸೂಲು ಮಾಡಬೇಕು. ಚಿಕಿತ್ಸೆಯನ್ನು ಊರಿಗೆ ತರಬಹುದೆಂದು ನಲವತ್ತು ವರ್ಷಗಳ ಹಿಂದೆ ತೋರಿಸಿಕೊಟ್ಟ ಜಿಲ್ಲೆಯಲ್ಲೇ ಇದನ್ನು ಮೊದಲು ಮಾಡಿ ನೋಡುವುದು ನ್ಯಾಯ.